ಮಡಚಿದ ನಾಲ್ಕನೆಯ ಬೆರಳು

ನಮ್ಮ ವಿಭಾಗದ ಫಾರ್ಮಿನ ಮೂರನೆಯ ಪುಟ ಖಾಲಿ ಇರುತ್ತದೆ. ರೋಗಿಯ ಮನೆತನವನ್ನು ಅಲ್ಲಿ ಪೆನ್ನಿನಿಂದ ಬರೆಯುವುದು ನನ್ನ ಕೆಲಸ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಗಂಡಹೆಂಡಿರ ನಡುವೆ ಒಂದು ಅಡ್ಡಗೆರೆ, ಮಕ್ಕಳಿಗೆ ಕೆಳಗೆ ಇಳಿಗೆರೆ. ತೀರಿಕೊಂಡವರಿದ್ದರೆ ಅವರ ಚೌಕದ ಮೇಲೋ ವೃತ್ತದ ಮೇಲೋ ಒಂದು ಓರೆಗೆರೆ. ಇಂಥ ನೂರಾರು ಪುಟಗಳನ್ನು ಬರೆದಿದ್ದೇನೆ. ಅದರಲ್ಲಿ ಒಂದು ಪುಟದಲ್ಲಿ, ಮನುಷ್ಯ ಬದುಕಿದ್ದಾನೆಂದು ಚೆನ್ನಾಗಿ ಗೊತ್ತಿದ್ದೂ ಅವನ ಚೌಕದ ಮೇಲೆ ಓರೆಗೆರೆ ಎಳೆದೆ. ಕೈ ತಪ್ಪಿ ಎಳೆದದ್ದಲ್ಲ. ಅದನ್ನು ಹೇಳಿಬಿಡಬೇಕು ಅನ್ನಿಸಿದೆ.

ನಾನು ನರ್ಸ್. ಮನೆ ಬೈಲಹೊಂಗಲದಲ್ಲಿ, ಕೆಲಸ ಬೆಳಗಾವಿಯ ಆಸ್ಪತ್ರೆಯೊಂದರ ರಕ್ತ ಕ್ಯಾನ್ಸರ್ ವಿಭಾಗದಲ್ಲಿ. ಬೆಳಗಿನ ಬಸ್ಸಿಗೆ ಹೋಗುತ್ತೇನೆ, ಸಂಜೆಯ ಬಸ್ಸಿಗೆ ಬರುತ್ತೇನೆ. ಸ್ಟೆಮ್ ಸೆಲ್ ಕಸಿ ಬೇಕಾದವರಿಗೆ ದಾನಿ ಯಾರಾಗಬಹುದೆಂದು ಮನೆಮಂದಿಯಲ್ಲಿ ಹುಡುಕುವುದು, ಅವರ ಮಾದರಿ ತೆಗೆಯುವುದು, ಹೆದರಿದವರಿಗೆ ತಿಳಿಸಿ ಹೇಳುವುದು, ಇಷ್ಟು ನನ್ನ ಪಾಲಿನದು. ನಮ್ಮ ಡಾಕ್ಟರು ತಮಿಳುನಾಡಿನವರು. ಕನ್ನಡ ಕಲಿತದ್ದು ಬೆಂಗಳೂರಿನಲ್ಲಿ. ನಮ್ಮ ಕಡೆಯ ಮುದುಕಿಯರು ಬಾಯಿ ಬಿಟ್ಟರೆ ಅವರು ನನ್ನ ಮುಖ ನೋಡುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಅಂದರೆ ಸಾಕು, "ಸಿಸ್ಟರ್, ನಿಮ್ಮ ಕಡೆಯವರು" ಎಂದು ಕರೆ ಬರುತ್ತದೆ. ಈ ನಾಲ್ಕು ತಾಲೂಕುಗಳಲ್ಲಿ ಯಾವ ಮನೆಯ ಹೆಣ್ಣನ್ನು ಯಾವ ಮನೆಗೆ ಕೊಟ್ಟಿದ್ದಾರೆ, ಯಾರಿಗೆ ಯಾರು ಬೀಗರು ಎಂಬುದು ನನಗೆ ಬಾಯಿಪಾಠ. ಅದರ ಸೊಕ್ಕೂ ನನಗಿತ್ತು. ಕೆಲಸ ಕೆಟ್ಟದ್ದು ಆ ಸೊಕ್ಕಿನಿಂದಲೇ.

ರೋಗಿ ನಲವತ್ತೆರಡು ವರ್ಷದ ಹೆಣ್ಣುಮಗಳು. ತವರು ಸವದತ್ತಿ ತಾಲೂಕಿನ ಒಂದು ಹಳ್ಳಿ, ಕೊಟ್ಟದ್ದು ರಾಮದುರ್ಗಕ್ಕೆ. ಗಂಡನದು ಎರಡು ವಿದ್ಯುತ್ ಮಗ್ಗ. ಈಕೆ ಅವಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಜ್ವರ ಬಿಡಲಿಲ್ಲ, ಒಸಡಿನಲ್ಲಿ ರಕ್ತ ಒಸರಿತು, ತೊಡೆಯ ಮೇಲೆ ಏಟು ಬೀಳದೆಯೇ ನೀಲಿ ಕಲೆಗಳೆದ್ದವು. ನಮ್ಮಲ್ಲಿಗೆ ಬಂದ ದಿನವೇ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ನೋಡಿದೆವು. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಅದರಲ್ಲೂ ಔಷಧಿಗೆ ತಗ್ಗಿ ಮತ್ತೆ ತಲೆಯೆತ್ತುವ ಜಾತಿಯದು. ಏಳು ದಿನ ಹಗಲೂ ರಾತ್ರಿ ಒಂದು ಔಷಧಿ, ಮೊದಲ ಮೂರು ದಿನ ಜೊತೆಗೆ ಇನ್ನೊಂದು ಕೆಂಪು ಔಷಧಿ. ಕೂದಲು ಹೋಯಿತು, ಬಾಯಿ ತುಂಬ ಹುಣ್ಣಾಯಿತು. ತಿಂಗಳು ಕಳೆದು ಮತ್ತೆ ಮಜ್ಜೆ ನೋಡಿದಾಗ ಕೆಟ್ಟ ಕೋಶ ನೂರರಲ್ಲಿ ಐದಕ್ಕಿಂತ ಕೆಳಗಿಳಿದಿತ್ತು.

"ಇದು ಗೆಲುವು ಅಲ್ಲ, ಬಿಡುವು," ಎಂದರು ಡಾಕ್ಟರು. "ಈ ಬಿಡುವಿನಲ್ಲೇ ಕಸಿ ಆಗಬೇಕು. ದಾನಿ ಹುಡುಕಿ ಸಿಸ್ಟರ್. ಬೇಗ."

ಕಸಿ ಎಂದರೆ ಅವಳ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಬರಿದು ಮಾಡಿ, ಇನ್ನೊಬ್ಬರ ಸ್ಟೆಮ್ ಸೆಲ್ ಹಾಕಿ ಹೊಸದಾಗಿ ರಕ್ತ ಬೆಳೆಸುವುದು. ಇಬ್ಬರ ಕೋಶಗಳ ಮೇಲಿರುವ ಗುರುತು ಹೊಂದಬೇಕು. ಒಂದೇ ತಾಯಿತಂದೆಯ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದಕ್ಕೇ ಒಡಹುಟ್ಟಿದವರು ಹೆಚ್ಚಿದ್ದಷ್ಟೂ ನಮಗೆ ಹಿಗ್ಗು.

ಮೂರನೆಯ ಪುಟ ತೆರೆದು ಗಂಡಹೆಂಡಿರ ಎದುರಿಗೆ ಕುಳಿತೆ. "ಒಡಹುಟ್ಟಿದವರು ಎಷ್ಟ ಮಂದಿರಿ?" ಎಂದೆ.

"ಇಬ್ಬರ್ರಿ," ಎಂದ ಗಂಡ. "ಅಣ್ಣಾರು ಬೈಲಹೊಂಗಲದಾಗ ಇರ್ತಾರ. ಒಬ್ಬಾಕಿ ತಂಗಿ, ಕಿತ್ತೂರಿಗೆ ಕೊಟ್ಟಾರ."

ಹೆಂಡತಿ ತಲೆಗೆ ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ನಾನು ಒಂದು ಚೌಕ ಬರೆದೆ, ಎರಡು ವೃತ್ತ ಬರೆದೆ. ಆ ವೃತ್ತಗಳ ನಡುವೆ ಇನ್ನೊಂದು ಚೌಕ ಬರಬೇಕೆಂದು ನನಗೆ ಗೊತ್ತಿತ್ತು. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು.

ರೋಗಿಯ ತಾಯಿ ತನ್ನ ಮೂರನೆಯ ಕೂಸನ್ನು ಹರಕೆ ಹೊತ್ತು ಏಳನೆಯ ವಯಸ್ಸಿಗೆ ಮಠಕ್ಕೆ ಬಿಟ್ಟಿದ್ದಳು. ಕಿತ್ತೂರಿನಾಚೆ ಒಂದು ಸಣ್ಣ ಹಳ್ಳಿಯ ಸಣ್ಣ ಮಠ. ಆ ಹುಡುಗ ಬೆಳೆದು, ಓದಿ, ಪಟ್ಟವಾಗಿ ಈಗ ಅಲ್ಲಿಯ ಸ್ವಾಮಿಗಳು. ನಮ್ಮ ಕಡೆ ಸ್ವಾಮಿಗಳಿಗೆ, ವಯಸ್ಸು ಮೂವತ್ತೇ ಇರಲಿ, ಅಜ್ಜಾರು ಎನ್ನುವುದು ವಾಡಿಕೆ. ಪಟ್ಟವಾದ ಮೇಲೆ ಅವರಿಗೆ ಹುಟ್ಟಿದ ಮನೆ ಇಲ್ಲ. ಹೆತ್ತವಳೂ ಹೋಗಿ ಕಾಲಿಗೆರಗಿ "ಶರಣ್ರೀ ಅಜ್ಜಾರ" ಎನ್ನಬೇಕು. ಮಗ ಎನ್ನುವಂತಿಲ್ಲ, ತಮ್ಮ ಎನ್ನುವಂತಿಲ್ಲ. ಅವರ ಪೂರ್ವಾಶ್ರಮದ ಮಾತು ಕೇಳುವುದು ಕೇಳಿದವರಿಗೇ ಹೊಲಸು. ಊರಿಗೆಲ್ಲ ಗೊತ್ತಿರುತ್ತದೆ, ಯಾರೂ ಆಡುವುದಿಲ್ಲ.

ನಾನು ಆ ಮಠದ ಭಕ್ತೆ. ನನ್ನ ಮಗಳ ಲಗ್ನ ಅಜ್ಜಾರ ಸಮ್ಮುಖದಲ್ಲೇ ಆದದ್ದು. ಮಠದಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಗೆ ನಾನೇ ಮುಂದೆ ನಿಂತು ಶಾಲು ಹೊದಿಸಿಕೊಂಡು ಬರುವವಳು. ಅಂಥವಳು ಹೋಗಿ, "ಅಜ್ಜಾರ, ನಿಮ್ಮ ಅಕ್ಕಗ ಬ್ಯಾನಿ ಐತಿ, ಬಾಯಿ ತೆರೀರಿ, ಎಂಜಲಾ ತಗೀತೇನಿ" ಎನ್ನುವುದೇ? ಶಿವಶಿವಾ! ಅಣ್ಣನದೋ ತಂಗಿಯದೋ ಹೊಂದೇ ಹೊಂದುತ್ತದೆ, ಆ ಮಾತೇ ಬರುವುದಿಲ್ಲ ಎಂದುಕೊಂಡೆ. ಒಡಹುಟ್ಟಿದವರ ಸಂಖ್ಯೆಯ ಎದುರಿಗೆ 'ಎರಡು' ಎಂದು ಬರೆದೆ.

ಇಬ್ಬರ ಮಾದರಿಯನ್ನೂ ಕಳಿಸಿ ಎರಡು ವಾರ ಕಾದೆವು. ತಂಗಿಯದು ಏನೇನೂ ಹೊಂದಲಿಲ್ಲ. ಅಣ್ಣನದು ಅರ್ಧ ಹೊಂದಿತು. ಆದರೆ ಅವನ ಎದೆಯಲ್ಲಿ ಎರಡು ಸ್ಟೆಂಟ್, ಸಕ್ಕರೆ ಹಿಡಿತದಲ್ಲಿಲ್ಲ. ಡಾಕ್ಟರು ಅವನನ್ನು ನೋಡಿದ ಕೂಡಲೇ ಬೇಡ ಎಂದರು. ಬಳಿಕ ನನ್ನ ಪುಟವನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇವರ ತಾಯಿ ಇದ್ದಾರಲ್ಲ? ಒಮ್ಮೆ ಕರೆಸಿ. ನಾನೇ ಕೇಳಬೇಕು," ಎಂದರು.

ಮರುದಿನ ಆಕೆಯ ತಾಯಿ ಬಂದಳು, ನಮ್ಮ ಕಡೆ ಆಯಿ ಎನ್ನುತ್ತೇವೆ. ಎಪ್ಪತ್ತರ ಮೇಲಿನ ಜೀವ. ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದುಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಳು. ಡಾಕ್ಟರು ತಮ್ಮ ಬೆಂಗಳೂರು ಕನ್ನಡದಲ್ಲಿ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು. "ಅಜ್ಜಿ, ನಿಮಗೆ ಒಟ್ಟು ಎಷ್ಟು ಮಕ್ಕಳು ಹುಟ್ಟಿದರು?"

ಆಯಿ ಮಡಿಲಿನಲ್ಲಿದ್ದ ಬಲಗೈಯನ್ನು ಸ್ವಲ್ಪವೇ ಎತ್ತಿ ನಾಲ್ಕು ಬೆರಳು ತೋರಿಸಿದಳು. ತೋರಿಸಿ ನನ್ನ ಕಡೆ ನೋಡಿದಳು.

ಡಾಕ್ಟರೂ ನನ್ನ ಕಡೆ ನೋಡಿದರು. "ನಾಲ್ಕು? ಇಲ್ಲಿ ಮೂರೇ ಇದೆಯಲ್ಲ ಸಿಸ್ಟರ್?"

ದೇವರು ಇನ್ನೊಮ್ಮೆ ಕೊಟ್ಟ ಅವಕಾಶ ಅದು. ಬಾಗಿಲು ತಾನಾಗಿ ತೆರೆದಿತ್ತು, ಹೌದು ಸರ್ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೊದಲು ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ! ನಾಲ್ಕೂ ತಾಲೂಕು ಬಲ್ಲವಳು ನಾನು, ನಾನು ಬರೆದ ವಂಶವೃಕ್ಷದಲ್ಲಿ ತಪ್ಪು ಇರುವುದುಂಟೇ?

"ನಾಲ್ಕು ಸರ್. ಆದರೆ ಒಬ್ಬ ಇಲ್ಲ," ಎಂದೆ.

"ಸತ್ತು ಹೋದರಾ?"

ಕನ್ನಡದಲ್ಲೇ ಕೇಳಿದರು. ಆಯಿಗೆ ಕೇಳಿಸುವಂತೆ ಕೇಳಿದರು. ನಾನು "ಹ್ಞೂಂ" ಎಂದೆ.

ಆಯಿ ನನ್ನನ್ನೇ ನೋಡುತ್ತಿದ್ದಳು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಕಿರುಬೆರಳನ್ನು ಮೆಲ್ಲಗೆ ಮಡಚಿಕೊಂಡಳು. ಮೂರು ಉಳಿದವು.

ನಾನು ಪುಟ ಎಳೆದುಕೊಂಡು ವೃತ್ತಗಳ ನಡುವೆ ಒಂದು ಚೌಕ ಬರೆದೆ. ಅದರ ಮೇಲೆ ಓರೆಗೆರೆ ಎಳೆದೆ. ಡಾಕ್ಟರು ತಲೆಯಾಡಿಸಿ ಮುಂದಿನ ಮಾತಿಗೆ ಹೋದರು.

ಆಮೇಲೆ ಆದದ್ದೆಲ್ಲ ನನ್ನ ಆ ಒಂದು ಗೆರೆಯ ಸುತ್ತ ತಿರುಗಾಡಿದ ಕೆಲಸ. ಮುಂದಿನ ದಾರಿ ಮಕ್ಕಳದು. ಆಕೆಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಕಾಲೇಜಿಗೆ ಹೋಗುವವರು. ಹೆತ್ತ ಮಕ್ಕಳದು ಯಾವಾಗಲೂ ಅರ್ಧ ಹೊಂದುತ್ತದೆ, ಅರ್ಧ ಹೊಂದಿದರೂ ಈಗ ಕಸಿ ಮಾಡುತ್ತಾರೆ. ಆದರೆ ಹೆತ್ತ ತಾಯಂದಿರಲ್ಲಿ ಒಂದು ತೊಡಕಿದೆ. ಬಸುರಿನಲ್ಲಿ ಕೂಸಿನ ರಕ್ತ ತಾಯಿಯ ರಕ್ತಕ್ಕೆ ಸೋಕುತ್ತದೆ. ಕೂಸಿನ ಗುರುತಿನಲ್ಲಿ ಅರ್ಧ ಗಂಡನದು. ಕೆಲವು ಹೆಂಗಸರ ರಕ್ತ ಆ ಅರ್ಧವನ್ನು ಪರರದೆಂದು ನೆನಪಿಟ್ಟುಕೊಂಡು ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರುತ್ತದೆ. ಈಕೆಯ ರಕ್ತದಲ್ಲಿ ಅವು ದಂಡಿಯಾಗಿದ್ದವು, ಇಬ್ಬರು ಮಕ್ಕಳಿಗೂ ಎದುರಾಗಿ. ಹಾಕಿದ ಕೋಶ ನಿಲ್ಲುವ ಭರವಸೆ ಇಲ್ಲ.

"ಹೊಟ್ಟ್ಯಾಗ ಹುಟ್ಟಿದ ಮಕ್ಕಳದ ಬರೂದಿಲ್ಲಂದ್ರ ಏನ್ರಿ ಇದು, ಅಕ್ಕಾರ?" ಎಂದು ಗಂಡ ಕೇಳಿದ. ಪಾಪ, ಮಗ್ಗ ನಿಲ್ಲಿಸಿ ಎರಡು ಬಸ್ಸು ಬದಲಿಸಿ ಬಂದಿದ್ದ. ನಾನು ಪ್ರತಿಕಾಯದ ವಿಷಯವನ್ನು ಚೆನ್ನಾಗಿ, ಬಹಳ ಚೆನ್ನಾಗಿ ವಿವರಿಸಿದೆ. ಅದು ನನಗೆ ಬರುತ್ತದಲ್ಲ.

ಹೊರಗಿನ ದಾನಿಗಳ ನೋಂದಣಿಯಲ್ಲಿ ಹುಡುಕಿದರು. ಸಿಗಲಿಲ್ಲ. ಬಿಡುವು ಮುರಿಯದಿರಲೆಂದು ನಡುವೆ ಜೋರಿನ ಔಷಧಿ ಒಂದು ಸರತಿ ಕೊಟ್ಟರು. ಪ್ರತಿಕಾಯಗಳನ್ನು ಇಳಿಸುವ ಚಿಕಿತ್ಸೆ ಮಾಡಿ ಹಿರಿಯ ಮಗನದನ್ನೇ ಹಾಕೋಣ ಎಂದು ಡಾಕ್ಟರು ಲೆಕ್ಕ ಹಾಕುತ್ತಿದ್ದರು. ಇಷ್ಟರಲ್ಲಿ ಆರು ವಾರ ಕಳೆದವು. ನಾನು ದಿನಾ ಬಸ್ಸಿನಲ್ಲಿ ಕುಳಿತು ನನ್ನಷ್ಟಕ್ಕೆ ವಾದಿಸುತ್ತಿದ್ದೆ. ನಾಲ್ಕರಲ್ಲಿ ಒಂದು ಅಷ್ಟೇ, ಅವರದೂ ಹೊಂದುತ್ತಿರಲಿಲ್ಲ ಬಿಡು ಎನ್ನುತ್ತಿದ್ದೆ. ಮಠದ ಹಿರಿಯರು ಒಪ್ಪುತ್ತಿರಲಿಲ್ಲ ಬಿಡು ಎನ್ನುತ್ತಿದ್ದೆ. ಆ ಆರು ವಾರ ಮಠದ ಕಡೆ ಕಾಲಿಡಲಿಲ್ಲ.

ಏಳನೆಯ ವಾರದ ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೋಶ ಮತ್ತೆ ಕಂಡವು. ಮಜ್ಜೆ ನೋಡಿದರು. ರೋಗ ಮರಳಿತ್ತು.

ಆ ಮಧ್ಯಾಹ್ನ ಆಕೆಯ ಕೈಗೆ ಸೂಜಿ ಹಾಕಲು ಹೋದೆ. ಗಂಡ ಔಷಧಿ ತರಲು ಕೆಳಗಿಳಿದಿದ್ದ. ಆಕೆ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ನೀವು ಮಠಕ್ಕ ಹೋಗ್ತೀರಲ್ಲ?"

"ಹೋಗ್ತೇನವ್ವಾ."

"ಈ ಸಲ ಹೋದಾಗ ಅಜ್ಜಾರಿಗೆ ನನ್ನ ಶರಣು ಹೇಳ್ರಿ. ರಾಮದುರ್ಗದಾಕಿ ಹೇಳ್ಯಾಳ ಅನ್ರಿ. ಅಷ್ಟ ಸಾಕು."

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡಳು. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ಆಕೆಗಿರಲಿಲ್ಲ. ಚಿಕ್ಕಂದಿನಲ್ಲಿ ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ತಮ್ಮನನ್ನು ತನ್ನ ಬಾಯಿಂದ ಕೇಳುವಂತಿರಲಿಲ್ಲ. ಸಾವು ಎದುರಿಗೆ ನಿಂತಾಗಲೂ ಆಕೆ ಮರ್ಯಾದೆ ಮೀರಲಿಲ್ಲ. ಮೀರಬೇಕಾದವಳು ನಾನು. ಸಂಬಳ ಕೊಟ್ಟು ನನ್ನನ್ನು ಅಲ್ಲಿ ಇಟ್ಟದ್ದೇ ಆ ಪ್ರಶ್ನೆ ಕೇಳಲಿಕ್ಕೆ. ನಾಚಿಕೆ ಅನ್ನುವುದು ಎಂಥದೆಂದು ಅಂದು ತಿಳಿಯಿತು. ಇನ್ನೊಬ್ಬ ಸಿಸ್ಟರನ್ನು ಕರೆದು ಸೂಜಿ ಹಾಕಿಸಿ, ನೇರವಾಗಿ ಡಾಕ್ಟರ ಕೋಣೆಗೆ ಹೋದೆ.

ನಿಂತೇ ಹೇಳಿದೆ. "ಸರ್, ನಾಲ್ಕನೆಯವರು ಸತ್ತಿಲ್ಲ. ಬದುಕಿದ್ದಾರೆ. ಮೂವತ್ತಾರು ವರ್ಷ, ಆರೋಗ್ಯವಾಗಿದ್ದಾರೆ. ನನಗೆ ಮೊದಲಿನಿಂದ ಗೊತ್ತಿತ್ತು." ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಹೇಳುತ್ತಿದ್ದಂತೆ ಆ ಕಾರಣ ಎಷ್ಟು ಸಣ್ಣದೆಂದು ನನಗೇ ಕೇಳಿಸುತ್ತಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೈಲು ತೆಗೆದು ಮೂರನೆಯ ಪುಟವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. "ಸರಿ ಮಾಡಿ," ಎಂದರು.

ನಮ್ಮಲ್ಲಿ ಕಾಗದಪತ್ರ ತಿದ್ದಲು ಒಂದು ಕ್ರಮವಿದೆ. ಅಳಿಸುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ. ತಪ್ಪು ಕಾಣುವಂತೆಯೇ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು. ಓರೆಗೆರೆಯ ಚೌಕವನ್ನು ಹೊಡೆದು ಪಕ್ಕದಲ್ಲಿ ಹೊಸ ಚೌಕ ಬರೆದೆ. 'ಬದುಕಿದ್ದಾರೆ' ಎಂದು ಬರೆದು ಸಹಿ ಮಾಡಿದೆ. ಆ ಪುಟ ಇವತ್ತಿಗೂ ಫೈಲಿನಲ್ಲಿದೆ, ಎರಡೂ ಓದಬರುತ್ತವೆ.

"ಈ ಆರು ವಾರ ಇಲ್ಲದಿದ್ದರೆ ರೋಗ ಮರಳುತ್ತಿರಲಿಲ್ಲವಾ ಸರ್?" ಎಂದು ಕೇಳಿದೆ.

"ಯಾರಿಗೂ ಹೇಳಲು ಬರುವುದಿಲ್ಲ. ನನಗೂ, ನಿಮಗೂ," ಎಂದರು. "ನಾಳೆ ಹೋಗಿ ಮಾದರಿ ತನ್ನಿ. ನೀವೇ ಹೋಗಬೇಕು."

ಮರುದಿನ ಬೆಳಿಗ್ಗೆ ಬಾಯಿಯ ಮಾದರಿ ತೆಗೆಯುವ ಕಡ್ಡಿಗಳ ಪೊಟ್ಟಣವನ್ನು ಕೈಚೀಲದಲ್ಲಿಟ್ಟುಕೊಂಡು ಕಿತ್ತೂರಿಗೆ ಹೋಗಿ, ಅಲ್ಲಿಂದ ಟೆಂಪೊ ಹತ್ತಿದೆ. ಅಜ್ಜಾರು ಪೂಜೆ ಮುಗಿಸಿ ಪಡಸಾಲೆಯ ಗದ್ದುಗೆಯ ಮೇಲೆ ಕುಳಿತಿದ್ದರು. ಮಠದ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ದಾಸೋಹಕ್ಕೆ ಬಂದ ಜೋಳದ ಚೀಲಗಳ ಮಾತಾಡುತ್ತಿದ್ದರು. ನಾನು ಅಡ್ಡಬಿದ್ದೆ. ಅಡ್ಡಬಿದ್ದವಳು ಏಳಲು ತಡಮಾಡಿದೆ.

"ಯಾಕ ತಾಯಿ, ಭಾಳ ದಿವ್ಸ ಈ ಕಡೆ ಬರಲಿಲ್ಲ?" ಎಂದರು ಅಜ್ಜಾರು, ವಿಭೂತಿಯ ತಟ್ಟೆ ಮುಂದೆ ಮಾಡಿ.

"ರಾಮದುರ್ಗದಾಕಿ ನಿಮಗ ಶರಣು ಹೇಳ್ಯಾಳ್ರೀ, ಅಜ್ಜಾರ."

ವಿಭೂತಿ ಹಿಡಿದ ಕೈ ಅಲ್ಲೇ ನಿಂತಿತು. ಬಳಿಕ ಎಲ್ಲ ಹೇಳಿದೆ. ರೋಗ, ದಾನಿ, ಅಣ್ಣ, ತಂಗಿ, ಮಕ್ಕಳು, ಮರಳಿದ ಕೋಶ. ಕೊನೆಗೆ ಪೊಟ್ಟಣ ತೆಗೆದು ನೆಲದ ಮೇಲಿಟ್ಟೆ. ಹಿರಿಯರು ಕೆರಳಿದರು.

"ಅಜ್ಜಾರ ಬಾಯಾಗ ಕಡ್ಡಿ ಆಡಸ್ತೀರೇನ್ರಿ? ಯಾರ ಮುಂದ ಕುಂತೇನಿ ಅನ್ನೂದರ ಖಬರ ಐತೇನು ನಿಮಗ? ಪೂರ್ವಾಶ್ರಮದ ಸುದ್ದಿ ಮಠದಾಗ ತಗೀತಾರೇನು?"

"ಗೌಡ್ರ, ಹ್ವಾದ ವರ್ಷ ಹಲ್ಲಿನ ಡಾಕ್ಟರ್ ನಮ್ಮ ಬಾಯಾಗ ಇಕ್ಕಳಾ ಹಾಕಿದಾಗ ಬ್ಯಾಟರಿ ಹಿಡದವ್ರು ನೀವ ಅಲ್ಲೇನು?" ಎಂದರು ಅಜ್ಜಾರು. ಅಜ್ಜಾರು ನನ್ನ ಕಡೆ ತಿರುಗಿದರು.

"ಎರಡ ತಿಂಗಳಾತು ತಾಯಿ, ಹಾದಿ ನೋಡಾಕ ಹತ್ತೇವಿ. ಭಕ್ತರು ಬಂದು ಹೇಳಿದ್ರು, ರಾಮದುರ್ಗದಾಗ ಹಿಂಗಿಂಗ ಐತಿ ಅಂತ. ಒಡಹುಟ್ಟಿದವರದು ಬೇಕಾಗ್ತೈತಿ ಅಂತ ಮೊಬೈಲ್‌ನ್ಯಾಗ ಓದಿದ್ವಿ. ಮನಿ ಬಿಟ್ಟವರು ನಾವು, ನಾವಾಗಿ ಎದ್ದು ಬರಾಕ ಬರೂದಿಲ್ಲ. ಆಸ್ಪತ್ರಿಯವರು ಕರದ್ರ ಅಡ್ಡಿ ಇಲ್ಲ. ಆ ಆಸ್ಪತ್ರಿಯೊಳಗ ನಮ್ಮನ್ನ ಬಲ್ಲವರು ನೀವೊಬ್ರ ಇದ್ರಿ. ಇವತ್ತು ಬರ್ತಾರ, ನಾಳೆ ಬರ್ತಾರ ಅಂತ ಮಾಡಿದ್ವಿ."

ನನಗೆ ಅಳು ಬಂತು. ಇನ್ನು ಮುಚ್ಚಿಡಲು ಏನಿತ್ತು? "ಅಜ್ಜಾರ, ನಾನು ಕಾಗದದಾಗ ನಿಮ್ಮನ್ನ ತೀರಿಕೊಂಡಾರ ಅಂತ ಬರದಿದ್ದೆ," ಎಂದೆ.

ಅವರು ನಕ್ಕುಬಿಟ್ಟರು. "ಅದು ಖರೇನ ಐತಿ ಬಿಡ್ರಿ. ಆ ಮನಿಗೆ ನಾವು ಯಾವಾಗಲೋ ತೀರೇವಿ." ಬಳಿಕ ಕೇಳಿದರು. "ಹಂಗ ಬರಿಯೂ ಮುಂದ ಅಲ್ಲೆ ಯಾರಿದ್ರು?"

"ಡಾಕ್ಟರಿದ್ರು. ಆಯಿ ಇದ್ದಳು."

"ಅವ್ವ ಇದ್ದಳಾ?"

ಅವರ ಬಾಯಿಂದ ಆ ಶಬ್ದವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ನಗು ಹೋಗಿತ್ತು. "ಆಕಿ ಮುಂದ ಅನಬಾರದಿತ್ತು, ತಾಯಿ," ಎಂದರು. ಇಷ್ಟು ವರ್ಷದ ನೌಕರಿಯಲ್ಲಿ ಮೇಲಿನವರಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ. ಆ ಒಂದು ಮಾತಿನಷ್ಟು ಯಾವುದೂ ನನಗೆ ತಾಗಿಲ್ಲ.

ಕಡ್ಡಿಯ ತುದಿಯ ಹತ್ತಿಯನ್ನು ಕೆನ್ನೆಯ ಒಳಗಡೆ ಅರ್ಧ ನಿಮಿಷ ಉಜ್ಜಬೇಕು. ಬೇರೆ ಏನಕ್ಕೂ ಸೋಕಬಾರದು. ಮೊದಲ ಕಡ್ಡಿ ಗಡ್ಡಕ್ಕೆ ತಾಗಿತು, ಕೆಟ್ಟಿತು. ಎರಡನೆಯದೂ ತಾಗಿತು. "ಗಡ್ಡಾ ನಾವು ಹಿಡಕೋತೇವಿ, ನೀವು ನಿಮ್ಮ ಕೆಲಸ ಮಾಡ್ರಿ," ಎಂದು ಅಜ್ಜಾರು ಎರಡೂ ಕೈಯಿಂದ ಗಡ್ಡ ಕೆಳಗೆಳೆದು ಹಿಡಿದು ಬಾಯಿ ತೆರೆದರು. ಬೈದ ಹಿರಿಯರೇ ಬ್ಯಾಟರಿ ತಂದು ಬೆಳಕು ಹಿಡಿದರು. ಐದು ನಿಮಿಷದ ಕೆಲಸ. ನಾನು ಅದಕ್ಕೆ ಎರಡು ತಿಂಗಳು ಹಿಡಿದಿದ್ದೆ.

ಫಲಿತಾಂಶ ಹನ್ನೆರಡನೆಯ ದಿನ ಬಂತು. ನೋಡಬೇಕಾದ ಹತ್ತು ಗುರುತುಗಳಲ್ಲಿ ಹತ್ತೂ ಹೊಂದಿದ್ದವು. ಎಲ್ಲರೂ ಹಿಗ್ಗಿದರು. ನಾನು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡೆ. ಹೊಂದದೆ ಇದ್ದಿದ್ದರೆ ನನ್ನ ಸುಳ್ಳಿಗೆ ಅಷ್ಟು ಭಾರ ಇರುತ್ತಿರಲಿಲ್ಲವಲ್ಲ. ಹೊಂದಬಾರದಿತ್ತು ಎಂದು ಒಂದು ಗಳಿಗೆ ಮನಸ್ಸಿಗೆ ಬಂದುಹೋಯಿತು. ಅದನ್ನೂ ಬರೆದಿಡುತ್ತೇನೆ. ಅಂಥವಳು ನಾನು.

ಆದರೆ ರೋಗ ಮರಳಿದ ಮೈಗೆ ಹಾಗೆಯೇ ಕಸಿ ಮಾಡಲು ಬರುವುದಿಲ್ಲ. ಮತ್ತೆ ಬಿಡುವು ತರಬೇಕು. ಮೊದಲಿನದಕ್ಕಿಂತ ಕಠಿಣವಾದ ಔಷಧಿ ಶುರುವಾಗಿತ್ತು. ಬಿಳಿ ರಕ್ತಕಣ ಶೂನ್ಯಕ್ಕಿಳಿದ ದಿನಗಳಲ್ಲಿ ಬಲ ಶ್ವಾಸಕೋಶಕ್ಕೆ ಬೂಷ್ಟು ಹಿಡಿಯಿತು. ಮೂರು ವಾರ ಆಮ್ಲಜನಕದ ಮುಖವಾಡ ಹಾಕಿಕೊಂಡಿದ್ದಳು. ಆರು ವಾರ ಮೊದಲೇ ಕಸಿಯಾಗಿದ್ದರೆ ಈ ಸರತಿಯ ಔಷಧಿಯೇ ಬೇಕಾಗುತ್ತಿರಲಿಲ್ಲವೇನೋ ಎಂಬ ಯೋಚನೆ ನನಗೆ. ಆ ಮುಖವಾಡದ ಹಬೆಯ ಎದುರು ನಿಂತಾಗಲೆಲ್ಲ ಕಣ್ಣು ತಪ್ಪಿಸುತ್ತಿದ್ದೆ. ಬೂಷ್ಟು ಇಳಿಯಿತು, ಬಿಡುವೂ ಬಂತು. ಶ್ವಾಸಕೋಶದ ಒಂದು ಭಾಗ ಮಾತ್ರ ಗಟ್ಟಿಯಾಗಿ ಹಾಗೆಯೇ ಉಳಿಯಿತು.

ಕಸಿಗೆ ಮುಂಚೆ ಅಜ್ಜಾರಿಗೆ ನಾಲ್ಕು ದಿನ ಚುಚ್ಚುಮದ್ದು. ಮಜ್ಜೆಯಲ್ಲಿರುವ ಸ್ಟೆಮ್ ಸೆಲ್‌ಗಳನ್ನು ಅದು ರಕ್ತಕ್ಕೆ ಹೊರಡಿಸುತ್ತದೆ. ಸೊಂಟ, ಬೆನ್ನು ಮುರಿದಂತೆ ನೋಯುತ್ತವೆ. ಅಜ್ಜಾರು ಬೆಳಗಿನ ಲಿಂಗಪೂಜೆಯನ್ನು ಗೋಡೆಗೊರಗಿ ಮಾಡಿದರೇ ಹೊರತು ಬಿಡಲಿಲ್ಲ. ಐದನೆಯ ದಿನ ಯಂತ್ರದ ಪಕ್ಕ ಮಲಗಿಸಿದೆವು. ಒಂದು ತೋಳಿನಿಂದ ರಕ್ತ ಹೊರಡುತ್ತದೆ, ಯಂತ್ರ ಬೇಕಾದ ಕೋಶ ಹಿಡಿದುಕೊಂಡು ಉಳಿದದ್ದನ್ನು ಇನ್ನೊಂದು ತೋಳಿಗೆ ಮರಳಿಸುತ್ತದೆ. ಐದು ತಾಸು ಎರಡು ಕೈಯನ್ನೂ ಮಡಚುವಂತಿಲ್ಲ. ಮೂರನೆಯ ತಾಸಿಗೆ ಅವರು ಮೆಲ್ಲಗೆ ಕರೆದರು.

"ತಾಯಿ, ಮೂಗು ತುರಸಾಕ ಹತ್ತೇತಿ."

ಹತ್ತಿಬಟ್ಟೆಯಿಂದ ಅಜ್ಜಾರ ಮೂಗು ತುರಿಸಿದೆ. "ಇನ್ನೊಂದೀಟ ಮ್ಯಾಲ," ಎಂದರು. ಮೇಲೆ ತುರಿಸಿದೆ. ಲೋಕವೇನೂ ಮುಳುಗಲಿಲ್ಲ.

ಟೊಮ್ಯಾಟೊ ಸಾರಿನ ಬಣ್ಣದ ಒಂದು ಚೀಲ ತುಂಬಿತು. ಅದನ್ನು ನಾನೇ ಹಿಡಿದುಕೊಂಡು ಹೋದೆ. ಅಕ್ಕ ಗಾಜಿನ ಕೋಣೆಯೊಳಗಿದ್ದಳು, ಅವಳ ಮಜ್ಜೆಯನ್ನು ಅಷ್ಟರಲ್ಲಿ ಬರಿದು ಮಾಡಿದ್ದರು. ಚೀಲ ಹನಿಯತೊಡಗಿದ ಮೇಲೆ ಅಜ್ಜಾರು ಗಾಜಿನ ಹೊರಗೆ ಬಂದು ನಿಂತರು. ಆಕೆ ಮಲಗಿದಲ್ಲೇ ಕೈ ಜೋಡಿಸಿ "ಶರಣ್ರೀ ಅಜ್ಜಾರ" ಎಂದಳು. ಗಾಜಿನಾಚೆಗೆ ಧ್ವನಿ ಬರಲಿಲ್ಲ, ತುಟಿ ಕಂಡಿತು. ಅವರು ಎಲ್ಲ ಭಕ್ತರಿಗೆ ಎತ್ತುವಂತೆಯೇ ಕೈ ಎತ್ತಿದರು. ಸೂಜಿ ಚುಚ್ಚಿದ ಜಾಗದ ಪಟ್ಟಿ ಮೊಣಕೈಯಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅವತ್ತೇ ಹೊರಟುಹೋದರು.

ಹದಿನಾರನೆಯ ದಿನ ಹೊಸ ಬಿಳಿಕಣ ಕಂಡವು. ಆಕೆ ಬದುಕಿದಳು.

ವರ್ಷ ಕಳೆದಿ‌ದೆ. ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾಳೆ. ರಕ್ತ ಈಗ ಅಜ್ಜಾರದು. ಆದರೆ ಹತ್ತು ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ. ಕಂಡಿಕೆ ಸುತ್ತುವುದನ್ನು ಬಿಟ್ಟಿದ್ದಾಳೆ, ನೂಲಿನ ಧೂಳು ಆಗುವುದಿಲ್ಲ. ಬಂದಾಗಲೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, "ನೀವು ಮಠಕ್ಕ ಹೋಗಿದ್ದಕ್ಕ ನಾ ಉಳದ್ನಿ, ಅಕ್ಕಾರ," ಎಂದು ಕಾಲು ಮುಟ್ಟಲು ಬಗ್ಗುತ್ತಾಳೆ. ತಡವಾಗಿ ಹೋದೆನೆಂದು ಆಕೆಗೆ ಒಂದು ದಿನ ಹೇಳಿದೆ. "ಹೋದ್ರಲ್ಲ," ಎಂದು ನಕ್ಕಳು. ಬೈಯಲು ಯಾರೂ ಇಲ್ಲ ನನಗೆ.

ಹೋದ ತಿಂಗಳು ಜೊತೆಗೆ ಆಯಿಯೂ ಬಂದಿದ್ದಳು. ನಮ್ಮಲ್ಲಿ ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ಒಬ್ಬೊಬ್ಬರನ್ನೂ ಕೂರಿಸಿ ಮತ್ತೆ ಕೇಳುತ್ತಾರೆ. ಹೊಸದಾಗಿ ಸೇರಿದ ಡಾಕ್ಟರಮ್ಮ ಆಯಿಯನ್ನು ಕೇಳಿದಳು. "ಅಜ್ಜೀ, ನಿಮಗೆ ಎಷ್ಟು ಮಕ್ಕಳು?"

ನಾನು ಬಾಗಿಲಲ್ಲಿ ನಿಂತಿದ್ದೆ. ಆಯಿ ಅಂದಿನಂತೆಯೇ ಮಡಿಲಿನಿಂದ ಕೈ ಎತ್ತಿ ಮೂರು ಬೆರಳು ತೋರಿಸಿದಳು. ಕಿರುಬೆರಳು ಮಡಚಿಯೇ ಇತ್ತು. ಆಮೇಲೆ ತಲೆ ತಿರುಗಿಸಿ ನನ್ನನ್ನು ಹುಡುಕಿದಳು.

"ಯವ್ವಾ," ಎಂದಳು, "ಈಗ ನಾಕು ಅಂತ ಹೇಳ್ಲೇನು?"